ಅಕ್ಕನ ಗಂಟಿನ ಉಪ್ಪು

ಅಕ್ಕನ ಕುತ್ತಿಗೆಯ ಗಂಟಿಗಿಂತ ಭಾವನ ಫೋನೇ ನನಗೆ ಹೆಚ್ಚು ಕಾಟ ಕೊಟ್ಟಿತು ಎಂದರೆ ಜನ ನನ್ನನ್ನು ಕಲ್ಲುಮನಸ್ಸಿನವಳು ಎನ್ನುತ್ತಾರೆ. ಅನ್ನಲಿ. ಹಲ್ಲುಜ್ಜುವಾಗ ಒಮ್ಮೆ, ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುವಾಗ ಒಮ್ಮೆ, ಲ್ಯಾಬಿನಲ್ಲಿ ಎರಡೂ ಕೈಗೆ ಗ್ಲೌಸ್ ಏರಿಸಿಕೊಂಡು ಕೂತಾಗಲಂತೂ ತಪ್ಪದೆ ಅದು ಹೊಡೆದುಕೊಳ್ಳುತ್ತಿತ್ತು. ಭಾವ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಜೀವನವಿಡೀ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಕಾಲು ಯಾವ ಪೆಡಲಿನ ಮೇಲಿದೆ ಎಂದು ನೋಡುತ್ತ ಬಂದವರು. ನನ್ನ ಕೆಲಸವನ್ನೂ ಹಾಗೇ ಓಡಿಸಲು ಹೊರಟಿದ್ದರು.

“ಬಂತೇನಮ್ಮಾ ನಂಬರು?”

“ಇಲ್ಲ ಭಾವ.”

“ಯಾವಾಗ ಬರುತ್ತೆ?”

“ಬಂದಾಗ ಬರುತ್ತೆ.”

“ಅದೇ ಕೇಳಿದ್ದು, ಯಾವಾಗ?”

ಈ ನಂಬರು ಏನೆಂದು ಹೇಳಿಬಿಡುತ್ತೇನೆ. ನಾನು ಆಸ್ಪತ್ರೆಯ ನೆಲಮಾಳಿಗೆಯ ಸಂಶೋಧನಾ ಲ್ಯಾಬಿನವಳು, ಥೈರಾಯ್ಡ್ ಗಂಟುಗಳ ಮೇಲೆ ಕೆಲಸ ಮಾಡುತ್ತೇನೆ. ಮೇಲಿನ ಥಿಯೇಟರಿನಲ್ಲಿ ಯಾರ ಕುತ್ತಿಗೆಯಿಂದ ಗಂಟು ತೆಗೆದರೂ, ಗಂಟಿನದೊಂದು ಚೂರು, ಪಕ್ಕದ ಆರೋಗ್ಯದ ಭಾಗದ್ದೊಂದು ಚೂರು, ಎರಡು ಪುಟ್ಟ ಶೀಶೆಗಳಲ್ಲಿ ನನಗೆ ಬರುತ್ತವೆ. ಅವುಗಳಲ್ಲಿ ನಾನು ನೋಡುವುದು ಎರಡೇ ವಿಷಯ. ಒಂದು, ಜೀವಕೋಶದೊಳಗೆ ಡಿಎನ್‌ಎ ಎಷ್ಟಿದೆ ಎಂಬುದು. ನೆಟ್ಟಗಿರುವ ಕೋಶದಲ್ಲಿ ಅದಕ್ಕೊಂದು ಅಳತೆಯಿದೆ, ದಾರಿ ತಪ್ಪಿದ ಕೋಶ ಅಳತೆ ಮೀರಿ ತುಂಬಿಕೊಂಡಿರುತ್ತದೆ. ಇನ್ನೊಂದು, ಲವಣಗಳು, ಅಂದರೆ ಸೋಡಿಯಂ ಮತ್ತು ಪೊಟ್ಯಾಸಿಯಂ. ಆರೋಗ್ಯದ ಕೋಶ ಸೋಡಿಯಮ್ಮನ್ನು ಹೊರಗೆ ತಳ್ಳಿ ಪೊಟ್ಯಾಸಿಯಮ್ಮನ್ನು ಒಳಗಿಟ್ಟುಕೊಳ್ಳುತ್ತದೆ. ಕ್ಯಾನ್ಸರಿನ ಕೋಶಕ್ಕೆ ಆ ಶಿಸ್ತಿಲ್ಲ, ಸೋಡಿಯಂ ಒಳಗೆ ನುಗ್ಗುತ್ತದೆ. ಬೇರೆ ಕಡೆಯವರೂ ಹಾಗೆಂದು ಬರೆದಿದ್ದರು, ನಮ್ಮ ಚೂರುಗಳೂ ವರ್ಷಗಟ್ಟಲೆ ಅದನ್ನೇ ಹೇಳುತ್ತ ಬಂದಿದ್ದವು. ನಾನೂ ಸರ್ಜನ್ನೂ ಸೇರಿ ಪ್ರಬಂಧ ಬರೆದು ಮುಗಿಸುವುದರಲ್ಲಿದ್ದೆವು. ಭಾವನ ನಂಬರು ಎಂದರೆ ಅಕ್ಕನ ಗಂಟಿನ ಸೋಡಿಯಂ.

ಅಕ್ಕ ದೊಡ್ಡ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳನ್ನು ಕೂಗುವವಳು. ಅವಳ ಥೈರಾಯ್ಡಿನ ಅರ್ಧವನ್ನು, ಗಂಟಿದ್ದ ಅರ್ಧವನ್ನು, ಆಗಲೇ ತೆಗೆದಿದ್ದರು. ಒಂದಿಷ್ಟು ದಿನ ಕೆರೆಕೆರೆ ಎಂದು ಮಾತಾಡಿ, ದನಿ ಹತೋಟಿಗೆ ಬಂದ ಮೇಲೆ ಕೆಲಸಕ್ಕೆ ಮರಳಿದ್ದಳು. ಉಳಿದರ್ಧ ತೆಗೆಯಬೇಕೋ ಬೇಡವೋ ಎಂಬುದೇ ಈಗಿನ ಪ್ರಶ್ನೆ. ಗಂಟು ಕ್ಯಾನ್ಸರಾಗಿದ್ದರೆ ತೆಗೆಯಬೇಕು. ಆದರೆ ಆ ಕಡೆ ದನಿಯ ನರ ಗ್ರಂಥಿಗೆ ತೀರಾ ಅಂಟಿಕೊಂಡಿದೆ, ತೆಗೆಯುವಾಗ ನರಕ್ಕೆ ಪೆಟ್ಟಾದರೆ ದನಿ ಹೋಗುವ ಸಂಭವ ಚೆನ್ನಾಗಿಯೇ ಇದೆ ಎಂದು ಸ್ಕ್ಯಾನ್ ನೋಡಿದವರೆಲ್ಲ ಹೇಳಿದ್ದರು.

ಇದನ್ನು ತೀರ್ಮಾನಿಸಬೇಕಾದವರು ಮೇಲಿನ ಮಹಡಿಯ ಪೆಥಾಲಜಿಸ್ಟು. ಆಸ್ಪತ್ರೆಯವರೆಲ್ಲ ಅವರನ್ನು ಹಿಂದಿನಿಂದ ನಿಧಾನಪ್ಪ ಎನ್ನುತ್ತಾರೆ. ಗಂಟಿನ ಸುತ್ತ ಒಂದು ತೆಳ್ಳಗಿನ ಹೊದಿಕೆ ಇರುತ್ತದೆ. ಕೋಶಗಳು ಅದನ್ನು ಎಲ್ಲಾದರೂ ಒಡೆದು ಹೊರಬಂದಿದ್ದರೆ ಕ್ಯಾನ್ಸರು, ಒಡೆಯದಿದ್ದರೆ ಅಲ್ಲ. ಒಂದು ಕಡೆ ಅನುಮಾನ ಬಂದದ್ದರಿಂದ ನಿಧಾನಪ್ಪ ಇಡೀ ಹೊದಿಕೆಯನ್ನು ಎಳೆ ಎಳೆಯಾಗಿ ಸೀಳಿ ನೋಡಲು ಕೂತಿದ್ದರು. ಕೇಳಲು ಹೋದಾಗಲೆಲ್ಲ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ, “ನೋಡ್ತಾ ಇದ್ದೀನಲ್ಲಮ್ಮ,” ಎನ್ನುತ್ತಿದ್ದರು. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಇತ್ತ ಸರ್ಜನ್ನು ಅರ್ಜೆಂಟಪ್ಪ. ಈ ಹೆಸರಿಟ್ಟವಳು ನಾನೇ, ಈಗ ಎಲ್ಲರೂ ಬಳಸುತ್ತಾರೆ. ಆ ದಿನ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ನನ್ನ ಲ್ಯಾಬಿಗೆ ಬಂದು, ಕೂರಿ ಎಂದರೂ ಕೂರದೆ ನಿಂತರು.

“ನಿಧಾನಪ್ಪನ್ನ ಕಾಯ್ತಾ ಕೂತ್ರೆ ಆಯ್ತು ನಮ್ಮ ಕಥೆ. ನಿಮ್ಮ ಸೋಡಿಯಂ ಏನನ್ನುತ್ತೆ ಮೇಡಂ?”

“ಇನ್ನೂ ಅಳೆದಿಲ್ಲ. ಅದು ಸ್ಟಡಿಗೆ ಡಾಕ್ಟ್ರೇ, ಪೇಷಂಟಿಗಲ್ಲ. ಎಷ್ಟು ಸಲ ಹೇಳೋದು?”

“ಸ್ಟಡಿ ಸ್ಟಡಿ ಅಂತ ಕೂತ್ಕೊಳ್ಳಿ. ನಿಮ್ಮ ಸ್ವಂತ ಅಕ್ಕ ಅಲ್ವಾ? ನನ್ನಕ್ಕ ಆಗಿದ್ರೆ ಇಷ್ಟೊತ್ತಿಗೆ ಅಳೆದು ಬಿಸಾಕ್ತಿದ್ದೆ.”

ಅಳೆದಿರಲಿಲ್ಲ ಎನ್ನುವುದಕ್ಕಿಂತ ಅಳೆಯಲು ಹೆದರಿದ್ದೆ ಎನ್ನಬೇಕು. ಅಕ್ಕನ ಎರಡು ಶೀಶೆಗಳೂ ಫ್ರೀಜರಿನಲ್ಲಿದ್ದವು, ಬಾಗಿಲು ತೆಗೆದಾಗಲೆಲ್ಲ ಅವುಗಳ ಕಡೆ ನೋಡದೆ ಬೇರೆಯವನ್ನು ಎತ್ತಿಕೊಳ್ಳುತ್ತಿದ್ದೆ. ಅರ್ಜೆಂಟಪ್ಪನ ಮಾತು ನಾಟಿತು. ಅವರು ಹೋದ ಮೇಲೆ ಗಂಟಿನ ಚೂರನ್ನು ತೆಗೆದು, ತೂಗಿ, ಕರಗಿಸಿ, ಯಂತ್ರಕ್ಕೆ ಕೊಟ್ಟೆ. ಸೋಡಿಯಂ ಮೇಲಕ್ಕೆ ಹೋಗಿ ಕೂತಿತು. ಪೊಟ್ಯಾಸಿಯಂ ಪಾತಾಳಕ್ಕೆ ಇಳಿಯಿತು. ಡಿಎನ್‌ಎ ನಕ್ಷೆ ನೋಡಿದರೆ ಅಲ್ಲೂ ಇರಬಾರದ ಜಾಗದಲ್ಲಿ ಇನ್ನೊಂದು ದಿಬ್ಬ ಎದ್ದಿತ್ತು. ಎರಡನೆಯ ಶೀಶೆಯನ್ನೂ ಅಳೆದು ಹೋಲಿಸದೆ ಬಾಯಿ ಬಿಡಬಾರದು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಅರ್ಜೆಂಟಪ್ಪ ಮತ್ತೆ ಬಂದು ತಲೆಯ ಮೇಲೆ ನಿಂತಿದ್ದರು, ಮೇಜಿನ ಮೇಲೆ ಭಾವನ ಫೋನು ಬಡಿದುಕೊಳ್ಳುತ್ತಿತ್ತು. ಇಬ್ಬರಿಗೂ ಹೇಳಿಬಿಟ್ಟೆ. ಅರ್ಜೆಂಟಪ್ಪ ಅಲ್ಲೇ ನಿಂತು ಆಪರೇಷನ್ನಿಗೆ ದಿನ ಗೊತ್ತುಮಾಡಿದರು.

ಅಕ್ಕನಿಗೆ ನಾನೇ ಹೇಳಬೇಕೆಂದು ಬಸ್ ನಿಲ್ದಾಣಕ್ಕೆ ಹೋದೆ. ಅವಳ ಗಾಜಿನ ಕೋಣೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ನಾನು ನಿಂತೆ. ಅವಳು ಒಂದು ಬಸ್ಸನ್ನು ಕಳಿಸಿ ಇನ್ನೊಂದನ್ನು ಕರೆಯುವ ನಡುವೆ ನನ್ನ ಮಾತು ಕೇಳಿದಳು.

“ನಂಬರು ಹಾಗಿದೆ ಅಕ್ಕ.”

“ನಂಬರು ಪಂಬರು ನಿನ್ನ ಭಾವನಿಗೆ ಹೇಳು. ನೀನು ಏನಂತೀಯ?”

“ನಾನು ಏನನ್ನಲಿ. ಅದೇ ಅಂತೀನಿ.”

“ಮಾಡಿಸ್ಕೊ ಅಂತೀಯೋ ಬೇಡ ಅಂತೀಯೋ, ಅಷ್ಟು ಹೇಳು. ನಿಂಗೆ ಗೊತ್ತಾಗದ್ದು ಅವರಿಗೆ ಯಾರಿಗೂ ಗೊತ್ತಾಗಲ್ಲ.”

“ಮಾಡಿಸ್ಕೊ.”

ಅವಳು ಒಂದು ಗುಟುಕು ಬಿಸಿನೀರು ಕುಡಿದು ಮೈಕಿನ ಗುಂಡಿ ಒತ್ತಿದಳು. ಆರನೆಯ ಅಂಕಣದ ಬಸ್ಸು ಹೊರಡುತ್ತಿದೆ, ಪ್ರಯಾಣಿಕರು ದಯವಿಟ್ಟು ಹತ್ತಿಕೊಳ್ಳಬೇಕು ಎಂದು ಒಂದಕ್ಷರ ನಡುಗದಂತೆ ಹೇಳಿದಳು. ಗುಂಡಿ ಬಿಟ್ಟು, “ಆಯ್ತು, ನೀನು ಹೇಳಿದ್ಮೇಲೆ ಮುಗೀತು,” ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಏನೋ ನೆಪ ಹೇಳಿ ಹೊರಟುಬಂದೆ.

ಎರಡನೆಯ ಶೀಶೆಯನ್ನು ಅಳೆದದ್ದು ಆಪರೇಷನ್ನಿನ ಹಿಂದಿನ ದಿನ, ಅಕ್ಕ ಆಗಲೇ ವಾರ್ಡಿಗೆ ಸೇರಿಯಾದ ಮೇಲೆ. ಪ್ರಬಂಧದ ಲೆಕ್ಕ ಪೂರ್ತಿಯಾಗಲಿ ಎಂದು ಅಳೆದೆ ಅಷ್ಟೆ. ಆರೋಗ್ಯದ ಚೂರಿನಲ್ಲೂ ಸೋಡಿಯಂ ಅಷ್ಟೇ ಮೇಲಿತ್ತು. ಮತ್ತೆ ಅಳೆದೆ. ಅಷ್ಟೇ. ಯಂತ್ರಕ್ಕೆ ಏನಾಯಿತು ಎಂದು ಅಳತೆ ಗೊತ್ತಿರುವ ದ್ರಾವಣ ಕೊಟ್ಟೆ, ಅದಕ್ಕೆ ಸರಿಯಾಗಿ ಉತ್ತರ ಹೇಳಿತು. ಗಾಜಿನ ಸಾಮಾನೆಲ್ಲ ಬದಲಿಸಿ ನೋಡಿದೆ. ಆ ಚೂರಿನ ಡಿಎನ್‌ಎ ಮಾತ್ರ ಹಾಲಿನಷ್ಟು ಸ್ವಚ್ಛ, ಒಂದೇ ದಿಬ್ಬ, ಇರಬೇಕಾದ ಜಾಗದಲ್ಲೇ. ಡಿಎನ್‌ಎ ನೆಟ್ಟಗಿದೆ, ಉಪ್ಪು ಮಾತ್ರ ಕೆಟ್ಟಿದೆ. ಇಷ್ಟು ವರ್ಷಗಳಲ್ಲಿ ಒಂದು ಆರೋಗ್ಯದ ಚೂರೂ ಹೀಗೆ ಆಡಿರಲಿಲ್ಲ. ತಲೆ ಚಿಟ್ಟು ಹಿಡಿದುಹೋಯಿತು.

ಥಿಯೇಟರಿನ ಹೊರಗಿನ ಕೋಣೆಯಲ್ಲಿ ಸಿಸ್ಟರ್ ಗಾಜ್ ಬಟ್ಟೆ ಮಡಿಸುತ್ತಿದ್ದರು. ನನಗೆ ಬರುವ ಚೂರುಗಳನ್ನೆಲ್ಲ ಶೀಶೆಗೆ ಹಾಕುವವರು ಅವರೇ. ನನ್ನನ್ನು ನೋಡಿ ಮುಖ ಅರಳಿಸಿಕೊಂಡು ಎದ್ದು ನಿಂತರು.

“ಅಕ್ಕ ಹೇಗಿದ್ದಾರೆ ಮೇಡಂ? ಅವರ ಸ್ಯಾಂಪಲ್ ಚೆನ್ನಾಗಿ ಬಂತಾ?”

“ಅದನ್ನೇ ಕೇಳಕ್ಕೆ ಬಂದೆ. ಹೇಗೆ ಕಳಿಸಿದ್ರಿ?”

“ನಿಮ್ಮಕ್ಕ ಅಂತ ಗೊತ್ತಿದ್ದೂ ಹೇಗ್ಹೇಗೋ ಕಳಿಸ್ತೀನಾ? ಎರಡನ್ನೂ ನೀಟಾಗಿ ತೊಳೆದು, ಬಟ್ಟಲಲ್ಲಿ ಸ್ವಲ್ಪ ಹೊತ್ತು ನೆನೆಸಿ, ರಕ್ತದ ಒಂದು ಕಲೆ ಇಲ್ಲದ ಹಾಗೆ ಮಾಡಿ ಐಸಿನ ಮೇಲಿಟ್ಟು ಕಳಿಸ್ದೆ.”

“ಎಲ್ಲಿ ನೆನೆಸಿದ್ರಿ?”

“ಸಲೈನಲ್ಲಿ. ಇನ್ನೆಲ್ಲಿ?”

ಸಲೈನು ಎಂದರೆ ಉಪ್ಪುನೀರು. ಉಪ್ಪು ಎಂದರೆ ಸೋಡಿಯಂ. ಬೆರಳ ತುದಿಯಷ್ಟು ಮಾಂಸವನ್ನು ಅದರಲ್ಲಿ ನೆನೆಸಿಟ್ಟರೆ ಸೋಡಿಯಂ ಹೀರಿಕೊಳ್ಳುತ್ತದೆ, ಪೊಟ್ಯಾಸಿಯಂ ಬಿಟ್ಟುಕೊಡುತ್ತದೆ. ಅದಕ್ಕೆ ಕ್ಯಾನ್ಸರೇ ಬೇಕಿಲ್ಲ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ.

“ಸಿಸ್ಟರ್, ಏನೂ ಹಾಕದೆ, ಹಾಗೇ ಐಸಿನ ಮೇಲಿಡಿ ಅಂತ ನಾನು ಎಷ್ಟು ಸಲ ಬಡ್ಕೊಂಡಿದ್ದೀನಿ?”

“ನಾನೇನೂ ಹಾಕಿಲ್ವಲ್ಲ ಮೇಡಂ. ಶೀಶೆ ಖಾಲಿಯೇ ಇತ್ತಲ್ಲ. ಶೀಶೆಗೆ ಹಾಕೋ ಮುಂಚೆ ತೊಳೀಬೇಡ ಅಂತ ಯಾರು ಹೇಳಿದ್ರು? ರಕ್ತ ಮೆತ್ತಿದ್ದನ್ನ ಹಾಗೇ ಕಳಿಸಿದ್ರೆ ನೀವು ಬಿಡ್ತೀರಾ? ಇಡೀ ಆಸ್ಪತ್ರೆಗೇ ಗೊತ್ತು ನಿಮ್ಮ ಬಾಯಿ.”

ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಆ ಹೆಂಗಸು ನನ್ನ ಮೇಲಿನ ಪ್ರೀತಿಗೆ ತೊಳೆದಿದ್ದಳು. ಬೈಯಲು ಕಾರಣವೇ ಇಲ್ಲದ ಕಡೆ ಬರುವ ಸಿಟ್ಟಿಗಿಂತ ಕೆಟ್ಟ ಸಿಟ್ಟು ಇನ್ನೊಂದಿಲ್ಲ.

“ಬೇರೆಯವರದ್ದನ್ನೂ ತೊಳೀತೀರಾ?” ಎಂದು ಕೇಳಿದೆ. ಕೇಳುವಾಗಲೇ ಉತ್ತರ ಬೇಡವೆನಿಸಿತು.

“ಎಲ್ಲರದ್ದೂ ಎಲ್ಲಿ ತೊಳೀಲಿ, ಅಷ್ಟು ಪುರುಸೊತ್ತು ಯಾರಿಗಿದೆ? ಪಕ್ಕದ ಚೂರು ಯಾವಾಗ್ಲೂ ಶುಭ್ರವಾಗೇ ಇರುತ್ತೆ, ಅದನ್ನ ಮುಟ್ಟಲ್ಲ. ನಿಮ್ಮಕ್ಕನದ್ದು ಅಂತ ಈ ಸಲ ಅದನ್ನೂ ತೊಳೆದೆ. ಗಂಟಿನದ್ದು ರಕ್ತ ಕಚ್ಚಿಕೊಂಡಿದ್ರೆ ಮಾತ್ರ ತೊಳೆಯೋದು. ಕೆಟ್ಟ ಗಂಟಲ್ಲಿ ರಕ್ತ ಜಾಸ್ತಿ ಇರುತ್ತಲ್ಲ ಮೇಡಂ, ಅಂಥವನ್ನ.”

ಅಲ್ಲಿಗೆ ಮುಗಿಯಿತು. ಕೆಟ್ಟ ಗಂಟಿಗೆ ರಕ್ತ ಹೆಚ್ಚು, ರಕ್ತ ಹೆಚ್ಚಿದ್ದರೆ ಸಿಸ್ಟರ್ ತೊಳೆಯುತ್ತಾರೆ, ತೊಳೆದರೆ ಸೋಡಿಯಂ ಏರುತ್ತದೆ, ಸೋಡಿಯಂ ಏರಿದರೆ ನಾನು ಕ್ಯಾನ್ಸರು ಎನ್ನುತ್ತೇನೆ. ನಾವು ವರ್ಷಗಟ್ಟಲೆ ಅಳೆದದ್ದು ಕ್ಯಾನ್ಸರನ್ನಲ್ಲ, ಸಿಸ್ಟರ್ ಕೈಯ ಮಡಿಯನ್ನು. ನಿಜವಾದ ಏರಿಕೆ ಅದರೊಳಗೆ ಎಷ್ಟಿತ್ತು, ಇತ್ತೋ ಇಲ್ಲವೋ, ಇನ್ನು ದೇವರೇ ಬಲ್ಲ. ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಸೀದಾ ಅರ್ಜೆಂಟಪ್ಪನ ಕೋಣೆಗೆ ಹೋದೆ.

ಅವರು ಕೇಳಿ ಮೊದಲು ಆಡಿದ ಮಾತು, “ಹಾಗಾದ್ರೆ ನಮ್ಮ ಪೇಪರು?”

“ಪೇಪರು ಹಾಳಾಗಿ ಹೋಗ್ಲಿ ಡಾಕ್ಟ್ರೇ. ನಾಳೆ ಅಕ್ಕನ ಆಪರೇಷನ್ ನಿಲ್ಲಿಸಿ.”

“ಉಪ್ಪು ಸುಳ್ಳು, ಸರಿ. ಡಿಎನ್‌ಎ ಸುಳ್ಳಲ್ವಲ್ಲ? ಅದರಲ್ಲೂ ಗಡಿಬಿಡಿ ಇದೆ ಅಂತ ನೀವೇ ಹೇಳಿದ್ರಿ.”

“ಕ್ಯಾನ್ಸರಲ್ಲದ ಗಂಟುಗಳಲ್ಲೂ ಅದೇ ಗಡಿಬಿಡಿ ಕಂಡಿದೆ, ನಮ್ಮದೇ ಸ್ಯಾಂಪಲ್‌ಗಳಲ್ಲಿ. ಅದೊಂದನ್ನೇ ನಂಬಿ ಕುತ್ತಿಗೆ ಕೊಯ್ಯೋ ಹಾಗಿಲ್ಲ. ಉಪ್ಪೂ ಜೊತೆಗಿದೆ ಅಂತ ಧೈರ್ಯವಾಗಿ ಹೇಳಿದ್ದು ನಾನು.”

“ಮೇಡಂ, ತೆಗೆದುಬಿಟ್ರೆ ನೆಮ್ಮದಿ ಅಲ್ವಾ? ಹಿಂದೆ ಇಬ್ಬರಿಗೆ ಹೀಗೇ ಆಗಿತ್ತು. ನಿಧಾನಪ್ಪ ಎಳೀತಾ ಇದ್ರು, ನಿಮ್ಮ ನಂಬರು ನೋಡಿ ನಾನು ಉಳಿದರ್ಧಾನೂ ತೆಗೆದೆ. ಏನೂ ತೊಂದರೆ ಆಗಲಿಲ್ಲ, ತೆಗೆದಿದ್ದರಲ್ಲಿ ಒಂದು ಕೆಟ್ಟ ಕೋಶ ಕೂಡ ಸಿಗಲಿಲ್ಲ.”

ಆ ವಾಕ್ಯ ಮುಗಿಸಿದ ಮೇಲೆ ಅವರಿಗೂ ಅದು ಕೇಳಿಸಿರಬೇಕು. ಮೇಜಿನ ಮೇಲಿನ ಪೆನ್ನನ್ನು ತೆಗೆದು ಜೇಬಿಗೆ ಹಾಕಿಕೊಂಡರು, ಮತ್ತೆ ತೆಗೆದು ಮೇಜಿನ ಮೇಲಿಟ್ಟರು.

“ನಂಗೆ ಒಂದು ಮಾತು ಹೇಳಿಲ್ವಲ್ಲ ನೀವು,” ಎಂದೆ.

“ನೀವೂ ಕೇಳ್ಲಿಲ್ವಲ್ಲ,” ಎಂದರು. ಜಗಳದ ದನಿಯಲ್ಲೇನೂ ಅಲ್ಲ, ಸುಮ್ಮನೆ ಅಂದರು. ಆಪರೇಷನ್ ನಿಲ್ಲಿಸಲು ಥಿಯೇಟರಿಗೆ ಅಲ್ಲಿಂದಲೇ ಫೋನು ಮಾಡಿದರು.

ವಾರ್ಡಿನಲ್ಲಿ ಅಕ್ಕ ಆಸ್ಪತ್ರೆಯ ನೀಲಿ ಗೌನು ಹಾಕಿಕೊಂಡು, ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಭಾವ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ತೊಳೆದದ್ದನ್ನೂ, ಉಪ್ಪನ್ನೂ.

“ಅಂದ್ರೆ ಕ್ಯಾನ್ಸರ್ ಇಲ್ವಾ?” ಎಂದರು ಭಾವ.

“ಗೊತ್ತಿಲ್ಲ ಭಾವ.”

“ಇದೆಯಾ ಹಾಗಾದ್ರೆ?”

“ಅದೂ ಗೊತ್ತಿಲ್ಲ.”

“ಮತ್ತೆ ಏನಮ್ಮಾ ಗೊತ್ತು ನಿಂಗೆ? ಮೊನ್ನೆ ಮಾಡಿಸ್ಕೊ ಅಂತೀಯ, ಇವತ್ತು ಬೇಡ ಅಂತೀಯ. ಇವಳೇನು ಕ್ಲಚ್ಚಾ, ಒತ್ತೋದು ಬಿಡೋದು ಮಾಡಕ್ಕೆ?”

ಮನೆಯಲ್ಲಿ ಚಿಕ್ಕಂದಿನಿಂದ ಎಲ್ಲದಕ್ಕೂ ಮುಂದೆ ಬಿದ್ದು ಉತ್ತರ ಹೇಳಿದವಳು ನಾನು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಗೊತ್ತಿಲ್ಲ ಅಂತ ನಿನ್ನ ಬಾಯಲ್ಲಿ ಕೇಳ್ಬೇಕು ಅಂತ ನಂಗೆ ಎಷ್ಟು ವರ್ಷದ ಆಸೆ ಗೊತ್ತಾ,” ಎಂದಳು. “ಬೇರೆ ಯಾವ ದಿನಾನೂ ಸಿಗಲಿಲ್ವಾ ನಿಂಗೆ?”

ನನಗೆ ಅಳು ಬಂತು. ಅವಳಿಗೂ ಬಂತು, ಆದರೆ ಅವಳು ಅಳಲಿಲ್ಲ. ಗೌನು ಬಿಚ್ಚಿ ತನ್ನ ಬಟ್ಟೆ ಹಾಕಿಕೊಂಡು, ಭಾವನ ಕೈಗೆ ಚೀಲ ಕೊಟ್ಟಳು. “ಆ ನಿಧಾನದವರು ಹೇಳೋವರೆಗೂ ಕಾಯ್ತೀನಿ. ಅಲ್ಲಿವರೆಗೆ ಯಾರೂ ನಂಗೆ ನಂಬರು ಹೇಳ್ಬೇಡಿ,” ಎಂದು ಮುಂದೆ ನಡೆದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಭಾವ ಗೊಣಗಿದರಂತೆ.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಕೇಳಬೇಡಿ. ಕ್ಯಾನ್ಸರ್ ಇದ್ದು, ನನ್ನ ಮಾತಿಗೆ ಆಪರೇಷನ್ ನಿಂತು, ಅದು ಒಳಗೇ ಹಬ್ಬುತ್ತಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಮಾಡುತ್ತಿದ್ದ ಲೆಕ್ಕ ತಪ್ಪಿಹೋಗುತ್ತಿತ್ತು. ಭಾವ ಫೋನು ಮಾಡುವುದನ್ನು ಪೂರ್ತಿ ನಿಲ್ಲಿಸಿದರು. ಅದು ಇನ್ನೂ ಕೆಟ್ಟದಾಗಿತ್ತು. ನಾನು ನಿಧಾನಪ್ಪನ ಬಾಗಿಲಿಗೆ ಹೋಗಿ, ಒಳಗೆ ಕಾಲಿಡದೆ ಹಿಂತಿರುಗುತ್ತಿದ್ದೆ. ಒಂದು ದಿನ ಅವರೇ ಕರೆದರು. ಕಣ್ಣಿಂದ ಕನ್ನಡಕ ತೆಗೆದು ಒರೆಸಿಕೊಂಡರು.

“ಹೊದಿಕೆ ಪೂರ್ತಿ ನೋಡಿದೆನಮ್ಮ. ಎಲ್ಲೂ ಒಡೆದಿಲ್ಲ. ಅನುಮಾನ ಬಂದ ಜಾಗ ಇತ್ತಲ್ಲ, ಆಪರೇಷನ್ನಿಗೆ ಮುಂಚೆ ಅಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿದ್ದ ಗಾಯ ಅದು. ಇದು ಕ್ಯಾನ್ಸರಲ್ಲ.”

ಅವರ ಕೈ ಹಿಡಿದುಕೊಂಡೆ. ನಿಧಾನವಾಗಿ ಬಿಡಿಸಿಕೊಂಡು ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದರು.

ಅಕ್ಕನ ಮನೆಗೆ ಓಡಿದೆ. ಭಾವ ಸುದ್ದಿ ಕೇಳಿ, ಸುಮ್ಮನೆ ಎದ್ದುಹೋಗಿ ಬಚ್ಚಲಮನೆಯ ಬಾಗಿಲು ಹಾಕಿಕೊಂಡರು. ನಲ್ಲಿ ಜೋರಾಗಿ ತಿರುಗಿಸಿದ್ದು ಕೇಳಿಸಿತು. ಅಕ್ಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟು ಕುತ್ತಿಗೆಯ ಗಾಯದ ಗೆರೆಯ ಮೇಲೆ ಬೆರಳಾಡಿಸಿಕೊಂಡಳು.

“ನಿನ್ನ ಡಾಕ್ಟ್ರು ಉಪ್ಪಿನ ನಂಬರು ನೋಡಿ, ಹೀಗೇ ಯಾರಿಗಾದ್ರೂ ಮಾಡಿದ್ರಾ?” ಎಂದು ಕೇಳಿದಳು.

ನನಗೆ ರೇಗಿತು. ಸಂತೋಷದ ಹೊತ್ತಿನಲ್ಲಿ ಯಾಕೆ ಈ ಪುರಾಣ ಎಂದು ಬಾಯಿಗೆ ಬಂತು. ಆದರೆ ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ.

“ಇಬ್ಬರಿಗೆ.”

“ಅವರಿಗೆ ಹೇಳಿದ್ದೀರಾ?”

“ಇಲ್ಲ. ಡಾಕ್ಟ್ರು ಹೇಳ್ಬೇಕು ಅದನ್ನ.”

“ಅವರದ್ದು ತೊಳೆದಿದ್ದು ನಿಂಗೆ ಯಾಕೆ ಗೊತ್ತಾಗ್ಲಿಲ್ಲ?”

“ಗೊತ್ತಾಗೋ ಹಾಗಿರಲಿಲ್ಲ ಅಕ್ಕ. ಅವರ ಪಕ್ಕದ ಚೂರು ತೊಳೆದಿರಲಿಲ್ಲ. ನಿಂದು ಅಂತ ಅದನ್ನೂ ತೊಳೆದಿದ್ದಕ್ಕೆ ನಂಗೆ ಅನುಮಾನ ಬಂತು.”

“ಅಂದ್ರೆ ನಿನ್ನ ಅಕ್ಕ ಅಂತ ಉಳ್ಕೊಂಡೆ ನಾನು,” ಎಂದಳು ಅಕ್ಕ. “ಅವರಿಬ್ಬರಿಗೆ ಲ್ಯಾಬಲ್ಲಿ ತಂಗಿ ಇರಲಿಲ್ಲ.”

ಅವಳು ಮತ್ತೆ ಚಾಕು ಎತ್ತಿಕೊಂಡಳು. ನಾನು ಊಟಕ್ಕೆ ಕೂರಲಿಲ್ಲ, ಅವಳೂ ಕೂರು ಎನ್ನಲಿಲ್ಲ.

ಅರ್ಜೆಂಟಪ್ಪ ಆ ಇಬ್ಬರ ವಿಳಾಸ ಕೊಡಲು ಹಿಂದೆ ಮುಂದೆ ನೋಡಿದರು. ಆಸ್ಪತ್ರೆಯವರನ್ನು ಕೇಳಬೇಕು, ಪತ್ರ ಹಾಕೋಣ, ಕರೆಸೋಣ ಎಂದರು. ಬದುಕಿನಲ್ಲಿ ಮೊದಲ ಬಾರಿಗೆ ಆ ಮನುಷ್ಯನಿಗೆ ಅವಸರವಿರಲಿಲ್ಲ. ನಾನು ಅಲ್ಲಾಡದೆ ಕೂತೆ. ಕೊನೆಗೆ, “ನಾನೂ ಬರ್ತೀನಿ, ನಡೀರಿ,” ಎಂದು ಕೋಟು ಬಿಚ್ಚಿಟ್ಟರು.

ಮೊದಲನೆಯ ಮನೆ ಒಂದು ಹೊಲಿಗೆ ಅಂಗಡಿಯ ಮಹಡಿಯ ಮೇಲಿತ್ತು. ಕರೆಗಂಟೆ ಒತ್ತಿದೆ. ಬಾಗಿಲು ತೆರೆದವಳು ನನ್ನದೇ ವಯಸ್ಸಿನವಳು, ಕತ್ತಿಗೆ ಅರಿವೆ ಸುತ್ತಿಕೊಂಡಿದ್ದಳು. ಡಾಕ್ಟರನ್ನು ಗುರುತು ಹಿಡಿದು ಮುಖವೆಲ್ಲ ನಗುವಾಯಿತು. ಅವರಿಗೆ ಕೈ ಮುಗಿದು, ನನ್ನ ಕಡೆ ತಿರುಗಿ ಏನೋ ಕೇಳಿದಳು. ಕೇಳಿಸಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು, ತುಟಿ ಅಲ್ಲಾಡಿತು, ಉಸಿರು ಮಾತ್ರ ಹೊರಗೆ ಬಂತು. ನಾನು ಚಪ್ಪಲಿ ಬಿಟ್ಟು ಹತ್ತಿರ ಹೋಗಿ, ಅವಳ ಬಾಯಿಗೆ ಕಿವಿಗೊಟ್ಟು ನಿಂತೆ.